ರಮಾನಂದರ ರಜೆ, ರೋಜರನ ರಜೆ

ರಜೆ ಕೇಳಲು ಹೋದ ರಮಾನಂದರು ನಾಯಿ ಹಿಡಿದುಕೊಂಡು ಮನೆಗೆ ಬಂದರು. ರಗಳೆಯೆಲ್ಲ ಶುರುವಾದದ್ದು ಅಲ್ಲಿಂದಲೇ.

ಕೇಳಿದ್ದೇನು ಆರು ತಿಂಗಳ ರಜೆಯೇ? ಬರೀ ಒಂದು ತಿಂಗಳು. ಮೈಸೂರಿನಲ್ಲಿ ಮಗಳು ಅಪೂರ್ವಳಿಗೆ ಗಂಡು ಮಗುವಾಗಿತ್ತು. ರಾಮನವಮಿಯ ವಾರದಲ್ಲಿ ನಾಮಕರಣ. ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವರು ಅಜ್ಜನೇ ಆಗಬೇಕೆಂದು ಅಳಿಯ ತಾನಾಗಿಯೇ ಹೇಳಿದ್ದ. ಆ ಮಾತು ಕೇಳಿದಾಗಿನಿಂದ ರಮಾನಂದರ ಕಾಲು ನೆಲದ ಮೇಲಿರಲಿಲ್ಲ. ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಔಷಧಿ ಕಾರ್ಖಾನೆಯಲ್ಲಿ ಅವರು ಪ್ಯಾಕಿಂಗ್ ವಿಭಾಗದ ಮ್ಯಾನೇಜರು. ಸಂಜೆ ಲಾರಿಗಳ ಸಾಲಿನಲ್ಲಿ ಕಾರು ಸಿಕ್ಕಿಕೊಂಡಾಗಲೆಲ್ಲ ಮಗುವಿನ ಹೆಸರನ್ನು ಪಿಸುಮಾತಿನಲ್ಲಿ ಹೇಳಿ ಹೇಳಿ ಅಭ್ಯಾಸ ಮಾಡುತ್ತಿದ್ದರು. ಪಕ್ಕದ ಮಟಾಟು ವ್ಯಾನಿನಲ್ಲಿ ಕಿಕ್ಕಿರಿದ ಜನ ಪಾಪ, ಈ ಮನುಷ್ಯನಿಗೆ ಏನಾಗಿದೆಯೋ ಎಂದು ನೋಡುತ್ತಿದ್ದರು.

ರಜೆಗೆ ಸಹಿ ಹಾಕಬೇಕಾದವರು ಜನರಲ್ ಮ್ಯಾನೇಜರ್ ಶ್ರೀನಿವಾಸಮೂರ್ತಿಗಳು. ಮೂಲ ಹಾಸನ, ಸದ್ಯಕ್ಕೆ ಸ್ಪ್ರಿಂಗ್ ವ್ಯಾಲಿ ಬಂಗಲೆ. ಮನುಷ್ಯನಿಗೆ ಎರಡೇ ಹುಚ್ಚು. ಒಂದು, ಕನ್ನಡ ಸಂಘದ ರಾಮೋತ್ಸವ. ಅದಕ್ಕೆ ಅವರೇ ಅಧ್ಯಕ್ಷರು. ಇನ್ನೊಂದು, ರಿಟ್ರೀವರ್ ನಾಯಿಗಳ ಹಂಟ್ ಟೆಸ್ಟು. ಹೆಸರಿಗೆ ಬೇಟೆಯೇ ಹೊರತು ಅಲ್ಲಿ ಇರುವೆಯೂ ಸಾಯುವುದಿಲ್ಲ. ದಪ್ಪ ಬಟ್ಟೆಯ ಬೊಂಬೆಯೊಂದನ್ನು ದೂರದ ಹುಲ್ಲಿನೊಳಕ್ಕೆ ಎಸೆಯುತ್ತಾರೆ, ನಾಯಿ ಓಡಿಹೋಗಿ ಅದನ್ನು ಹಲ್ಲು ನಾಟದ ಹಾಗೆ ಕಚ್ಚಿ ತಂದು ಯಜಮಾನನ ಕೈಗೆ ಕೊಡಬೇಕು, ಅಷ್ಟೇ. ಮಳೆಗಾಲ ಹಿಡಿಯಿತೆಂದರೆ ಈ ಆಟವೆಲ್ಲ ಬಂದ್.

"ಈಗ ಆಫ್ ಸೀಸನ್ ರಮಾನಂದ್. ನಾನು ಲಂಡನ್ನಿಗೆ ಹೊರಟಿದ್ದೀನಿ. ನಮ್ಮ ರೋಜರ್ ನಿಮ್ಮನೇಲಿರ್ಲಿ" ಎಂದಿದ್ದರು ಮೂರ್ತಿಗಳು. "ಇನ್ನೂ ಹುಡುಗ ಅವನು, ಒಂದು ವರ್ಷ ಆಗಿದೆ ಅಷ್ಟೆ. ಟ್ರೇನಿಂಗ್ ಗೀನಿಂಗ್ ಏನೂ ಬೇಡ. ಬರೀ ಬಾಂಡಿಂಗ್."

"ಬಾಂಡಿಂಗ್ ಅಂದ್ರೆ ಏನ್ಮಾಡ್ಬೇಕು ಸಾರ್?"

"ಏನೂ ಮಾಡ್ಬಾರ್ದು ಕಣ್ರೀ! ಜೊತೇಲಿ ಕೂತ್ಕೊಳ್ಳಿ, ವಾಕಿಂಗ್ ಹೋಗಿ, ಪ್ರೀತಿಯಿಂದ ಮಾತಾಡ್ಸಿ. ಅವನ ಮುಂದೆ ಏನೂ ಎಸೀಬೇಡಿ, ಅವನ ಕೈಲಿ ಏನೂ ತರಿಸ್ಬೇಡಿ. ಅವನ ಬಾಯಿಗೆ ರೆಸ್ಟ್ ಬೇಕು. ಏನಾದ್ರೂ ತರಿಸಿದ್ರಿ ಅಂತ ಗೊತ್ತಾಯ್ತೋ, ರಜೆ ಮಾತೇ ಎತ್ಬೇಡಿ ಮತ್ತೆ. ಚೆನ್ನಾಗಿ ನೋಡ್ಕೊಂಡ್ರೆ, ಬಂದ ತಕ್ಷಣ ಸೈನ್ ಮಾಡ್ತೀನಿ."

ನಾಯಿಯೆಂದರೆ ರಸ್ತೆಯ ಆ ಬದಿಗೆ ದಾಟುವ ರಮಾನಂದರು ಮೊಮ್ಮಗನ ಮುಖ ನೆನೆಸಿಕೊಂಡು ಹಗ್ಗ ಹಿಡಿದರು. ಪಾರ್ಕ್‌ಲ್ಯಾಂಡ್ಸ್‌ನ ನೆಲಮಹಡಿಯ ಫ್ಲ್ಯಾಟಿನ ಬಾಗಿಲು ತೆಗೆದ ಹೆಂಡತಿ ವಿಶಾಲಾಕ್ಷಿ, ಗಂಡನನ್ನೂ ಜೇನಿನ ಬಣ್ಣದ ಆ ನಾಯಿಯನ್ನೂ ಒಂದು ಸಲ ಮೇಲಿಂದ ಕೆಳಗೆ ನೋಡಿದರು.

"ರಜೆ ಎಲ್ರೀ?"

"ಇದೇ" ಎಂದರು ರಮಾನಂದರು.

ಅಡುಗೆಮನೆಯ ಹೊಸ್ತಿಲು ದಾಟಿದರೆ ಸರಿಯಿರಲ್ಲ ಎಂದು ಗುಡುಗಿದ ವಿಶಾಲಾಕ್ಷಿ ಮೂರನೆಯ ದಿನಕ್ಕೇ ರೋಜರನಿಗೆ ಮೊಸರನ್ನ ಕಲಸುತ್ತಿದ್ದರು. ರಮಾನಂದರ ಹೆದರಿಕೆಯೂ ಎಲ್ಲಿ ಹೋಯಿತೋ ಗೊತ್ತಿಲ್ಲ. ರಾತ್ರಿ ಅಪೂರ್ವ ವೀಡಿಯೊ ಕಾಲ್ ಮಾಡಿದಾಗ ರೋಜರ್ ಬಂದು ಅವರ ಪಾದದ ಮೇಲೆ ಗಲ್ಲ ಇಟ್ಟು ಮಲಗುತ್ತಿದ್ದ. ಮಗು ಅತ್ತರೆ ಕಿವಿ ನಿಮಿರಿಸುತ್ತಿದ್ದ. ಅದನ್ನು ನೋಡಿ ರಮಾನಂದರು ಅವನ ಬೆನ್ನು ತಟ್ಟುತ್ತಿದ್ದರು. ಆದರೆ ಕಟ್ಟುನಿಟ್ಟೆಂದರೆ ಕಟ್ಟುನಿಟ್ಟು. ಪೇಪರನ್ನು ಕೂಡ ಟೀಪಾಯಿ ಮೇಲೆ ಎಸೆಯದೆ ಮೆಲ್ಲಗೆ ಇಡುತ್ತಿದ್ದರು.

ಹೀಗೆ ಎಲ್ಲ ಸುಗಮವಾಗಿ ನಡೆದು ಮೂರ್ತಿಗಳು ಲಂಡನ್ನಿನಿಂದ ವಾಪಸಾದರು. ಆ ಭಾನುವಾರ ಎರಡನೇ ಮಹಡಿಯ ಜಯಲಕ್ಷ್ಮಿಯವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಮೂರ್ತಿಗಳೇ ಮುಖ್ಯ ಅತಿಥಿ. ಪೂಜೆ ಮುಗಿಸಿಕೊಂಡು ಕೆಳಗಿಳಿದು, ರೋಜರನನ್ನು ನೋಡಿ, ರಜೆಗೆ ಸಹಿ ಹಾಕುವುದೆಂದು ಮಾತಾಗಿತ್ತು.

ಜಯಲಕ್ಷ್ಮಿಯವರು ಹೊಸದಾಗಿ ಬಿಳಿ ಟೈಲ್ಸ್ ಹಾಕಿಸಿದ್ದರು. ಹೊರಗೆ ನಾಲ್ಕು ದಿನದಿಂದ ಸುರಿಯುವ ಮಳೆ, ಕೆಂಪು ಕೆಸರು. "ಮೆಟ್ಟಿಲಿಗೂ ಕೆಸರು ತರ್ಬೇಡಿ, ಎಲ್ಲಾರೂ ಚಪ್ಪಲಿ ಕೆಳಗಡೇನೇ ಬಿಟ್ಟು ಬನ್ನಿ" ಎಂದು ವಾಟ್ಸಾಪಿನಲ್ಲಿ ಎರಡೆರಡು ಸಲ ಹಾಕಿದ್ದರು. ಕೆಳಗಡೆ ಅಂದರೆ ಇನ್ನೆಲ್ಲಿ, ರಮಾನಂದರ ಬಾಗಿಲ ಮುಂದೆ. ಊರಿನ ಕನ್ನಡಿಗರ ಚಪ್ಪಲಿ, ಬೂಟು, ಸ್ಯಾಂಡಲ್ಲುಗಳೆಲ್ಲ, ಜೊತೆಗೆ ಜಯಲಕ್ಷ್ಮಿಯವರದೇ ಜರಿ ಚಪ್ಪಲಿಯೂ ಅಲ್ಲಿ ಸಾಲುಗಟ್ಟಿದವು. ಮಧ್ಯದಲ್ಲಿ ಮೂರ್ತಿಗಳ ಕಂದು ಬಣ್ಣದ ಲಂಡನ್ ಬೂಟು ಠೀವಿಯಿಂದ ಕೂತಿತ್ತು.

ಕಥೆಯ ಮೂರನೇ ಅಧ್ಯಾಯದ ಹೊತ್ತಿಗೆ ರಮಾನಂದರಿಗೆ ಕಸಿವಿಸಿಯಾಯಿತು. ಬಾಗಿಲು ಹಾಕಿದೆನೋ ಇಲ್ಲವೋ? ಮೆಲ್ಲಗೆ ಎದ್ದು ಕೆಳಗಿಳಿದರು. ಬಾಗಿಲು ಹಾರುಹೊಡೆದಿತ್ತು. ಹೊರಗೆ ಒಂದೇ ಒಂದು ಚಪ್ಪಲಿ ಇರಲಿಲ್ಲ.

ಒಳಗೆ ಹೋದರೆ, ಮಂಚದ ಮೇಲೆ ಅವರು ಮಲಗುವ ಕಡೆಗೇ, ದಿಂಬಿನವರೆಗೂ ಚಪ್ಪಲಿಯ ರಾಶಿ. ರೋಜರ್ ಬಾಲ ಅಲ್ಲಾಡಿಸುತ್ತಾ ಬಂದು, ನೆಟ್ಟಗೆ ಎದುರು ಕೂತು, ಬಾಯಲ್ಲಿದ್ದ ಜರಿ ಚಪ್ಪಲಿಯನ್ನು ಅವರ ಕೈಯಲ್ಲಿಟ್ಟ.

"ಅಯ್ಯೋ ನಿನ್ನ! ಬಾಯಿಗೆ ರೆಸ್ಟ್ ಕೊಡೋ ಅಂದ್ರೆ ಊರೋರ ಚಪ್ಪಲಿ ಎಲ್ಲಾ ಹೊತ್ಕೊಂಡು ಬಂದಿದ್ದೀಯಲ್ಲೋ!"

ಮೂರ್ತಿಗಳಿಗೆ ಗೊತ್ತಾದರೆ ರಜೆ ಹೋಯಿತು, ನಾಮಕರಣ ಹೋಯಿತು. ರಮಾನಂದರು ಬಟ್ಟೆ ಒಗೆಯುವ ಬುಟ್ಟಿಗೆ ಚಪ್ಪಲಿಗಳನ್ನು ತುಂಬಿ ತುಂಬಿ ತಂದು ಹೊರಗೆ ಜೋಡಿಸಿದರು. ಎಡದ್ಯಾವುದು ಬಲದ್ಯಾವುದು ಎಂದು ಹುಡುಕುವಷ್ಟರಲ್ಲಿ ಬೆವರಿಳಿಯಿತು. ರೋಜರ್ ಹಲ್ಲು ನಾಟಿಸಿರಲಿಲ್ಲ, ಅದು ಪುಣ್ಯ. ಕೆಸರನ್ನೆಲ್ಲ ನೆಕ್ಕಿದ್ದರಿಂದ ಒಂದೊಂದೂ ಅಂಗಡಿಯಿಂದ ತಂದಂತೆ ಹೊಳೆಯುತ್ತಿತ್ತು. ಬಾಗಿಲಿಗೆ ಬೀಗ ಹಾಕಿ, ಬೀಗ ಎಳೆದು ನೋಡಿ, ಮೇಲೆ ಹೋಗಿ ಮುಖಕ್ಕೆ ಭಕ್ತಿ ತಂದುಕೊಂಡು ಕೂತರು.

ಬಾಗಿಲಿಗೆ ಬೀಗ ಹಾಕಿದವರು ವರಾಂಡದ ಕಿಟಕಿಯನ್ನು ಮರೆತಿದ್ದರು. ರೋಜರನ ಲೆಕ್ಕವಾದರೂ ಏನು? ತಾನು ಪ್ರೀತಿಯಿಂದ ತಂದುಕೊಟ್ಟದ್ದನ್ನು ಯಜಮಾನರು ಮತ್ತೆ ಹೊರಗೆ ಸಾಲಾಗಿ ಇಟ್ಟಿದ್ದಾರೆ, ಅಂದಮೇಲೆ ಆಟ ಇನ್ನೂ ಮುಗಿದಿಲ್ಲ!

ಮಂಗಳಾರತಿ ಆಯಿತು. ಪ್ರಸಾದದ ಪೊಟ್ಟಣ ಹಿಡಿದು ಎಲ್ಲರೂ ಕೆಳಗಿಳಿದರು. ಮೊದಲು ಇಳಿದ ಜಯಲಕ್ಷ್ಮಿ ಕಿಟಾರನೆ ಕಿರುಚಿದರು.

"ಚಪ್ಪಲಿ! ಒಂದೂ ಇಲ್ಲ! ಅಯ್ಯೋ, ನಮ್ಮ ಪೂಜೆಗೆ ಬಂದೋರ ಚಪ್ಪಲಿ ಕಳ್ಳತನ ಆಗೋಯ್ತಲ್ಲಪ್ಪಾ! ಸಿಲ್ವಿಯಾ! ಎಲ್ಲಿ ಆ ಸಿಲ್ವಿಯಾ?"

ಗೇಟು ಕಾಯುವ ಅಸ್ಕಾರಿ ಸಿಲ್ವಿಯಾ ಕೊಡೆ ಹಿಡಿದು ಓಡಿ ಬಂದಳು. ಗೇಟಿನಿಂದ ಒಬ್ಬರೂ ಹೊರಗೆ ಹೋಗಿಲ್ಲ, ನಾನೇನೂ ನೋಡಿಲ್ಲ ಎಂದಳು.

"ನೋಡಿಲ್ಲ ಅಂದ್ರೆ? ಇವಳಿಗೆ ಗೊತ್ತಿಲ್ದೆ ಗೋಣಿಚೀಲ ಹೊತ್ಕೊಂಡು ಹೋಗೋಕಾಗತ್ತಾ? ಈಗಲೇ ಇವಳ ಕಂಪನಿಗೆ ಫೋನ್ ಮಾಡಿ, ಕೆಲಸದಿಂದ ತೆಗೆಸಿ!" ಜಯಲಕ್ಷ್ಮಿಯವರ ಹಿಂದೆ ಬರಿಗಾಲಲ್ಲಿ ನಿಂತವರೆಲ್ಲ ಹೌದು ಹೌದು ಎಂದರು. ಒಬ್ಬರು ಫೋನನ್ನೇ ತೆಗೆದರು. ಸಿಲ್ವಿಯಾಳ ಕಣ್ಣಲ್ಲಿ ನೀರು ತುಂಬಿತು.

ರಮಾನಂದರಿಗೆ ತಡೆಯಲಾಗಲಿಲ್ಲ. ರಜೆಗಾಗಿ ನಾಯಿಯನ್ನು ಸಾಕಬಹುದು, ಪಾಪದವಳ ಕೆಲಸ ಕಳೆಯಲಾದೀತೇ?

"ಅವಳನ್ನೇನೂ ಅನ್ಬೇಡಿ! ಚಪ್ಪಲಿ ನಮ್ಮನೇಲಿದೆ" ಎಂದರು.

ಬೀಗ ತೆಗೆದು ಬುಟ್ಟಿಗಟ್ಟಲೆ ಚಪ್ಪಲಿ ತಂದು ಸುರಿದರು. ಜನರೆಲ್ಲ ಬಾಯಿ ತೆರೆದು ನಿಂತರು. ಗುಂಪಿನ ಹಿಂದಿನಿಂದ ಮೂರ್ತಿಗಳ ದನಿ ಬಂತು.

"ಏನ್ರೀ ರಮಾನಂದ್ ಇದು? ಯಾರು ಒಳಗೆ ತಗೊಂಡು ಹೋದ್ರು?"

ನಾಯಿ ಎಂದರೆ ರಜೆ ಹೋಗುತ್ತದೆ. ನಾನು ಎಂದರೆ ಮಾನ ಹೋಗುತ್ತದೆ. ಮೊಮ್ಮಗನ ಪುಟ್ಟ ಕಿವಿ ಕಣ್ಣ ಮುಂದೆ ಬಂತು.

"ನಾನೇ ಸಾರ್" ಎಂದರು ರಮಾನಂದರು. "ಒಂದು... ಒಂದು ಹರಕೆ ಇತ್ತು. ಸತ್ಯನಾರಾಯಣ ಪೂಜೆಗೆ ಬಂದ ಭಕ್ತಾದಿಗಳ ಪಾದರಕ್ಷೆ ಎಲ್ಲಾ ನನ್ನ ಕೈಯಾರೆ ಒರೆಸಿ ಇಡ್ತೀನಿ ಅಂತ. ಮೊಮ್ಮಗ ಹುಟ್ಟಿದ್ನಲ್ಲ, ಅದಕ್ಕೆ."

ಜಯಲಕ್ಷ್ಮಿ ತಮ್ಮ ಜರಿ ಚಪ್ಪಲಿ ಎತ್ತಿ ನೋಡಿದರು. ಕೆಸರಿನ ಒಂದು ಚುಕ್ಕೆಯೂ ಇರಲಿಲ್ಲ.

"ಅಬ್ಬಬ್ಬಾ! ಎಷ್ಟು ಚೆನ್ನಾಗಿ ಒರೆಸಿದೀರಿ ರಮಾನಂದ ಅವರೇ! ಇನ್ನೂ ಒದ್ದೆ ಇದೆ. ನಾವು ಮೇಲೆ ಆರಾಮಾಗಿ ಕೂತು ಕಥೆ ಕೇಳಿದ್ವಿ, ನಿಜವಾದ ಪೂಜೆ ನೀವು ಇಲ್ಲಿ ಮಾಡಿದ್ರಿ!" ಎಂದವರೇ ಗಳಗಳನೆ ಅತ್ತರು. ಸಿಲ್ವಿಯಾಳ ಕ್ಷಮೆ ಕೇಳಿದರು. ಬಾಗಿಲಲ್ಲಿ ಇಣುಕಿದ ರೋಜರನಿಗೂ ಅದೇ ಭಾವಾವೇಶದಲ್ಲಿ ತಟ್ಟೆ ತುಂಬ ತುಪ್ಪದ ಸಜ್ಜಿಗೆ ತಿನ್ನಿಸಿದರು. ಅವನು ತಿಂದು ಅಲ್ಲೇ ಉರುಳಿಕೊಂಡ. ವಿಶಾಲಾಕ್ಷಿ ಮಾತ್ರ ಗಂಡನನ್ನೇ ದುರುಗುಟ್ಟಿ ನೋಡುತ್ತಿದ್ದರು. ಮನೆಯಲ್ಲಿ ತಿಂದ ತಟ್ಟೆ ಎತ್ತಿಡದ ಮನುಷ್ಯ ಊರಿನ ಚಪ್ಪಲಿ ಒರೆಸಿದ್ದನ್ನು ಅವರು ಹೇಗೆ ನಂಬಬೇಕು?

ಮೂರ್ತಿಗಳು ಮುಂದೆ ಬಂದು ರಮಾನಂದರನ್ನು ಅಪ್ಪಿಕೊಂಡರು. ಆಮೇಲೆ ಎಲ್ಲರ ಕಡೆ ತಿರುಗಿದರು.

"ಅಧ್ಯಕ್ಷನಾಗಿ ಒಂದು ಅನೌನ್ಸ್‌ಮೆಂಟ್. ಬರೋ ವಾರ ಶುರುವಾಗೋ ರಾಮೋತ್ಸವದಲ್ಲಿ, ಪೂರ್ತಿ ಒಂಬತ್ತು ದಿನ, ಪಾದರಕ್ಷೆ ಸೇವೆ ನಮ್ಮ ರಮಾನಂದ್ ಅವರದ್ದು!"

ಚಪ್ಪಾಳೆಯೋ ಚಪ್ಪಾಳೆ.

"ಸಾರ್, ರಜೆ... ನಾಮಕರಣ..." ಎಂದು ರಮಾನಂದರು ತೊದಲಿದರು.

"ರಾಮನ ಕೆಲಸ ಕಣ್ರೀ! ವಿಶಾಲಾಕ್ಷಿಯವರು ಹೋಗಿ ಬರ್ಲಿ. ನೀವು ವೀಡಿಯೊ ಕಾಲಲ್ಲಿ ಹೆಸರು ಹೇಳಿ. ಫೋನ್ ಮಗು ಕಿವಿ ಹತ್ರ ಇಟ್ರೆ ಆಯ್ತು. ರೋಜರ್‌ಗೂ ನಿಮ್ಮ ಜೊತೆ ಒಗ್ಗಿದೆ, ಇಲ್ಲೇ ಇರ್ಲಿ." ಮೂರ್ತಿಗಳು ನಾಯಿಯನ್ನು ನೋಡಿದರು. "ಅಂದ ಹಾಗೆ, ಇವನೇನೂ ತಂದುಕೊಡ್ಲಿಲ್ಲ ತಾನೇ ನಿಮಗೆ?"

"ಇಲ್ಲ ಸಾರ್! ದೇವರಾಣೆ! ಒಂದು ಕಡ್ಡೀನೂ ಇಲ್ಲ!"

ಮೂರ್ತಿಗಳ ಮುಖ ಬಾಡಿತು. "ನಂಗೊತ್ತಿತ್ತು ಬಿಡಿ" ಎಂದು ನಿಟ್ಟುಸಿರುಬಿಟ್ಟರು. "ಹೋದ ಸೀಸನ್ನಲ್ಲಿ ತುಂಬಾ ಬಲವಂತ ಮಾಡ್ಬಿಟ್ಟೆ. ಏನು ಎಸೆದ್ರೂ ಅರ್ಧ ದಾರೀಲಿ ಉಗಿದು ಹೋಗ್ತಿದ್ದ. ಕೇಳೋದು ಬಿಡಿ, ಪ್ರೀತಿ ಹುಟ್ಟಿದ್ರೆ ತಾನಾಗೇ ಏನಾದ್ರೂ ತಂದು ಕೈಗೆ ಕೊಡ್ತಾನೆ ಅಂದ್ರು ತಿಳಿದೋರು. ಅದಕ್ಕೇ ತರಿಸ್ಬೇಡಿ ಅಂದಿದ್ದು. ಇವನು ತಾನಾಗೇ ಒಂದೇ ಒಂದು ಹಳೇ ಚಪ್ಪಲಿ ತಂದುಕೊಟ್ಟಿದ್ರೂ ಸಾಕಿತ್ತು ರಮಾನಂದ್. ಒಂದು ತಿಂಗಳಲ್ಲ, ಮೂರು ತಿಂಗಳು ರಜೆ ಕೊಡ್ತಿದ್ದೆ ನಿಮಗೆ!"

ರಮಾನಂದರು ಮೂರ್ತಿಗಳ ಕೈಯನ್ನೇ ಹಿಡಿದುಕೊಂಡರು.

"ತಂದಿದಾನೆ ಸಾರ್! ಇವನೇ! ಈ ಚಪ್ಪಲಿ ಎಲ್ಲಾ ಇವನೇ ತಂದಿದ್ದು! ಎರಡೆರಡು ಸಲ! ನನ್ನ ಕೈಗೇ ಕೊಟ್ಟ ಸಾರ್! ಹರಕೆ ಗಿರಕೆ ಎಲ್ಲಾ ಸುಳ್ಳು!"

ಮೂರ್ತಿಗಳು ಗುಂಪಿನ ಕಡೆ ತಿರುಗಿ ತಲೆಯಾಡಿಸಿದರು. "ನೋಡಿದ್ರಾ ವಿನಯ? ಮಾಡಿದ ಸೇವೆಯ ಪುಣ್ಯಾನೂ ನಾಯಿಗೆ ಕೊಟ್ಬಿಡ್ತಾರೆ!"

"ನಿಜ ಸಾರ್! ತೋರಿಸ್ತೀನಿ ನೋಡಿ!" ರಮಾನಂದರು ಜಯಲಕ್ಷ್ಮಿಯವರ ಜರಿ ಚಪ್ಪಲಿಯನ್ನೇ ಕಸಿದು ಮಳೆಯೊಳಕ್ಕೆ ಎಸೆದರು. "ರೋಜರ್! ಹೋಗೋ ಮರಿ! ತಗೊಂಡ್ ಬಾರೋ ನನ್ನಪ್ಪಾ!"

ಹೊಟ್ಟೆ ಬಿರಿಯೆ ಸಜ್ಜಿಗೆ ತಿಂದಿದ್ದ ರೋಜರ್ ಒಂದು ಕಣ್ಣು ತೆರೆದು ನೋಡಿ, ಮುಚ್ಚಿಕೊಂಡ. ಜರಿ ಚಪ್ಪಲಿ ಕೆಸರಿನಲ್ಲಿ ಮುಳುಗಿತು. "ಸಿಲ್ವಿಯಾ, ನೀನಾದ್ರೂ ನೋಡ್ಲಿಲ್ವಾ?" ಎಂದು ರಮಾನಂದರು ಅಂಗಲಾಚಿದರು. ಅವಳು "ಹಪಾನಾ" ಎನ್ನುತ್ತಾ ಇಲ್ಲವೆಂದು ತಲೆಯಾಡಿಸಿ, ತನ್ನ ಕೆಲಸ ಉಳಿಸಿದ್ದಕ್ಕೆ "ಅಸಾಂಟೆ, ಅಸಾಂಟೆ" ಎಂದು ಎರಡು ಸಲ ಕೈಕುಲುಕಿದಳು.

ಎಲ್ಲರೂ ಚಪ್ಪಲಿ ಹಾಕಿಕೊಂಡು ಹೊರಟರು. ಮೂರ್ತಿಗಳ ಲಂಡನ್ ಬೂಟು ಮಾತ್ರ ಒಂದೇ ಸಿಕ್ಕಿತು, ಜೊತೆಯದು ಎಷ್ಟು ಹುಡುಕಿದರೂ ಇಲ್ಲ. "ಇರ್ಲಿ ಬಿಡಿ, ನಿಮ್ಮಂಥೋರ ಕೈಲಿ ಕಳೆದ್ರೆ ಪುಣ್ಯಾನೇ" ಎಂದು ದೊಡ್ಡ ಮನಸ್ಸು ಮಾಡಿ, ಕಾರಿನ ಡಿಕ್ಕಿಯಲ್ಲಿದ್ದ ಗಮ್‌ಬೂಟು ಹಾಕಿಕೊಂಡು ಅವರೂ ಹೋದರು.

ರಮಾನಂದರು ಒಳಗೆ ಬಂದು ಸೋಫಾದ ಮೇಲೆ ಕುಸಿದರು. ಕಾರಿನ ಸದ್ದು ರಸ್ತೆಯ ತಿರುವಿನಲ್ಲಿ ಕರಗಿತು. ಆಗ ಎದ್ದ ರೋಜರ್. ಮೈಮುರಿದು, ಮಂಚದ ಕೆಳಗೆ ನುಗ್ಗಿ, ಕಂದು ಬಣ್ಣದ ಲಂಡನ್ ಬೂಟನ್ನು ಮೃದುವಾಗಿ ಕಚ್ಚಿ ತಂದ. ನೆಟ್ಟಗೆ ಎದುರು ಕೂತು, ತಲೆಯೆತ್ತಿ, ಯಜಮಾನರ ಕೈಯಲ್ಲಿಟ್ಟ. ಯಾವ ಪರೀಕ್ಷೆಯಲ್ಲಾದರೂ ಪೂರ್ತಿ ನಂಬರು ಸಿಗುವಂತಿತ್ತು.

ರಮಾನಂದರು ಬೂಟನ್ನೂ ನಾಯಿಯನ್ನೂ ಮತ್ತೆ ಮತ್ತೆ ನೋಡಿದರು. ಅಳಬೇಕೋ ನಗಬೇಕೋ ತಿಳಿಯದೆ ರೋಜರನ ತಲೆ ಸವರಿದರು.

ಸೂಟ್‌ಕೇಸಿನಿಂದ ಗಂಡನ ಬಟ್ಟೆಗಳನ್ನು ಒಂದೊಂದಾಗಿ ಹೊರಗಿಡುತ್ತಿದ್ದ ವಿಶಾಲಾಕ್ಷಿ ಬಾಗಿಲಿಗೆ ಬಂದು ನಿಂತರು.

"ನಾಳೆ ಆಫೀಸಿಗೆ ತಗೊಂಡು ಹೋಗ್ತೀರಲ್ಲ ಅದನ್ನ" ಎಂದರು. "ಒಂದೇ ಬೂಟನ್ನ ಮನೇಲಿ ಇಟ್ಕೊಂಡಿದ್ದಕ್ಕೆ ಯಾವ ಸೇವೆ ಅಂತ ಹೇಳ್ತೀರಿ?"