ಬೆಸಿಕ್ ಊರಿನವನಾದದ್ದು

ಎಲ್ಲದಕ್ಕೂ ಮೂಲ, ಅಂಚೆ ಡಬ್ಬಿಯಲ್ಲಿ ಬಿದ್ದಿದ್ದ ಒಂದು ಹಳದಿ ಚೀಟಿ. "ನಿವಾಸ ಪರಿಶೀಲನೆಗೆ ಎರಡು ಸಲ ಬಂದೆವು, ತಾವು ಸಿಗಲಿಲ್ಲ. ಗುರುವಾರ ಬೆಳಿಗ್ಗೆ ಕೊನೆಯ ಭೇಟಿ. ಆಗಲೂ ಸಿಗದಿದ್ದರೆ ಅರ್ಜಿ ರದ್ದು." ಕೆಳಗೆ ಪುರಸಭೆಯ ಪೊಲೀಸ್ ತಾರ್ಚೀಸಿಯೊನ ಸಹಿ.

ಸಿಗಲಿಲ್ಲವಂತೆ. ಬೆಸಿಕ್‌ಗೆ ಮೈಯೆಲ್ಲ ಉರಿದುಹೋಯಿತು. ಜಾರ್ಜಿಯಾದಿಂದ ಈ ಮೊಂತೆಫೋಸ್ಕೊ ಊರಿಗೆ ಓದಲು ಬಂದು ಏಳು ತಿಂಗಳಾಗಿತ್ತು. ಅವನು ನಾಲ್ಕನೇ ಮಹಡಿಯಲ್ಲಿ ಸೀನಿದರೆ ಮೂರನೆಯದರಿಂದ "ಸ್ವೆಟರ್ ಹಾಕ್ಕೋ" ಎಂದು ಕೂಗು ಬರುತ್ತಿತ್ತು. ರಾತ್ರಿ ಏನು ಬೇಯಿಸಿದ ಎಂಬುದು ಬೆಳಗಾಗುವುದರೊಳಗೆ ಬ್ರೆಡ್ ಅಂಗಡಿಯವಳಿಗೆ ಗೊತ್ತಿರುತ್ತಿತ್ತು. ಇಡೀ ಬೀದಿಯ ಕಣ್ಣಿಗೆ ಬೀಳುವವನು ಸರ್ಕಾರದ ಕಣ್ಣಿಗೆ ಮಾತ್ರ ಬಿದ್ದಿರಲಿಲ್ಲ.

ಮೊದಲ ಸಲ ಪೊಲೀಸ್ ಬಂದಾಗ ಅವನು ತರಗತಿಯಲ್ಲಿದ್ದ. ಎರಡನೆಯ ಸಲ ಮೂರನೇ ಮಹಡಿಯ ಎರ್ಸಿಲಿಯಾಳಿಗಾಗಿ ಆರು ನೀರಿನ ಬಾಟಲಿಗಳ ಕಟ್ಟು ಹೊತ್ತು ಮೆಟ್ಟಿಲು ಹತ್ತುತ್ತಿದ್ದ. ಇಳಿದುಬರುತ್ತಿದ್ದ ತಾರ್ಚೀಸಿಯೊಗೆ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟವನೂ ಅವನೇ.

ಈ ಎರ್ಸಿಲಿಯಾಳಿಂದ ಪಾರಾಗಲೆಂದೇ ಅವನಿಗೆ ಊರಿನ ನಿವಾಸಿಯೆಂಬ ಚೀಟಿ ಬೇಕಿತ್ತು. ಮುದುಕಿ ಕೆಟ್ಟವಳಲ್ಲ. ಆದರೆ ನೀರು ಹೊರು, ಕಿಟಕಿಯ ಪರದೆ ಎತ್ತು, ಒದ್ದೆ ತಲೆಯಲ್ಲಿ ಹೊರಗೆ ಹೋಗಬೇಡ, ಆ ಹುಡುಗಿ ಯಾರು, ಅವಳಪ್ಪ ಯಾರು ಎಂದು ಜೀವ ಹಿಂಡುತ್ತಿದ್ದಳು. ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯದಲ್ಲಿ ಒಂದು ಕೋಣೆ ಖಾಲಿಯಿತ್ತು. ಗುಡ್ಡದ ಕಡೆಗೆ ಕಿಟಕಿ, ಲಿಫ್ಟ್ ಬೇರೆ. ಪಟ್ಟಿಯಲ್ಲಿ ಬೆಸಿಕ್‌ನದೇ ಮೊದಲ ಹೆಸರು. ಗುರುವಾರ ಹನ್ನೆರಡೂವರೆಯೊಳಗೆ ಕಾಗದಪತ್ರ ಕೊಟ್ಟರೆ ಕೋಣೆ ಅವನದು.

ಈ ವಿಷಯ ಹೇಳಿದಾಗ ಎರ್ಸಿಲಿಯಾ ಒಲೆಯ ಮೇಲಿನ ಟೊಮ್ಯಾಟೊ ಸಾರು ಕಲಕಿದ್ದಳು. ಆಮೇಲೆ ಹೇಳಿದ್ದಳು: "ನೋಡು ಮಗಾ, ಮೂವತ್ತು ವರ್ಷ ವಿಶ್ವವಿದ್ಯಾಲಯದ ಕಛೇರೀಲಿ ಕೂತವಳು ನಾನು. ಬರೀ ಪಾಸ್‌ಪೋರ್ಟ್ ಹಿಡ್ಕೊಂಡು ಹೋದ್ರೆ ಊರು ನೋಡೋಕೆ ಬಂದವನು ಅಂದ್ಕೋತಾರೆ. ಮೊದ್ಲು ಈ ಊರಿನ ನಿವಾಸಿ ಅಂತ ಬರೆಸ್ಕೋ. ಆಮೇಲೆ ನಿನ್ನನ್ನ ಯಾರೂ ಅಲ್ಲಾಡ್ಸೋಕಾಗಲ್ಲ."

ಗುರುವಾರ ಬೆಸಿಕ್ ತರಗತಿ ಬಿಟ್ಟು ಕಾದು ಕೂತ. ಒಂಬತ್ತಕ್ಕೆ ಕೆಳಗಿಳಿದು ಕರೆಗಂಟೆಯ ಫಲಕ ನೋಡಿದರೆ, ಅವನು ಅಂಟಿಸಿದ್ದ ಹೆಸರಿನ ಕಾಗದವೇ ಇಲ್ಲ.

"ನಾನೇ ಕಿತ್ತೆ" ಎಂದ ನೆಲಮಹಡಿಯ ಒದ್ದೊ. ನಿವೃತ್ತ ಬಸ್ ಚಾಲಕ; ಈಗ ಈ ಕಟ್ಟಡವನ್ನೇ ಬಸ್ಸೆಂದು ತಿಳಿದು ಬಾಗಿಲಲ್ಲೇ ಕೂತಿರುತ್ತಿದ್ದ. "ಇಲ್ಲಿ ಹಿತ್ತಾಳೆ ಫಲಕ ಮಾತ್ರ. ಕಾಗದ ಅಂಟಿಸೋಕೆ ಇದೇನು ಸಂತೆ ಅಂಗಡೀನಾ?"

"ಇವತ್ತು ಪೊಲೀಸ್ ಬರ್ತಾನೆ, ಸಿನ್ಯೋರ್ ಒದ್ದೊ. ಹೆಸರಿಲ್ದಿದ್ರೆ ನಾನು ಇಲ್ಲ ಅಂತ ಬರೀತಾನೆ."

"ನಾನಿದೀನಲ್ಲ, ಹೇಳ್ತೀನಿ. ಹೋಗು, ಸ್ನಾನ ಮಾಡು."

ಬೆಸಿಕ್ ಮತ್ತೊಂದು ಕಾಗದ ಅಂಟಿಸಿಯೇ ಮೇಲೆ ಹೋದ. ಹನ್ನೊಂದಕ್ಕೆ ತಲೆಗೆ ಸೋಪು ಹಚ್ಚಿಕೊಂಡಿದ್ದಾಗ ಕೆಳಗೆ ಮಾತು ಕೇಳಿಸಿತು. ಟವೆಲ್ ಸುತ್ತಿಕೊಂಡು ಕಿಟಕಿಗೆ ಓಡಿದ. ಕೆಳಗೆ ಒದ್ದೊನ ಕೈಯಲ್ಲಿ ಮತ್ತೆ ಕಿತ್ತ ಕಾಗದ. ತಾರ್ಚೀಸಿಯೊ ಬೀದಿಯ ಕೊನೆ ತಲುಪಿದ್ದ.

"ಏನು ಹೇಳಿದ್ರಿ ಅವನಿಗೆ?" ಎಂದು ಬೆಸಿಕ್ ಕೂಗಿದ.

"ಬೆಳಿಗ್ಗೆಯಿಂದ ಹೊರಗೆ ಹೋಗಿದ್ದು ನೋಡ್ಲಿಲ್ಲ ಅಂದೆ" ಎಂದ ಒದ್ದೊ. "ಒಳಗೆ ಬಂದಿದ್ದೂ ನೋಡ್ಲಿಲ್ಲ ಅಂದೆ. ಸುಳ್ಳು ಹೇಳೋ ಜಾತಿ ಅಲ್ಲ ನಾನು."

ಬೆಸಿಕ್ ಸಿಕ್ಕಿದ ಪ್ಯಾಂಟು, ಅಂಗಿ ಏರಿಸಿ ಮನೆಯ ಚಪ್ಪಲಿಯಲ್ಲೇ ಓಡಿದ. ಹಿಂದೆ ಬಾಗಿಲು ದಡಾರನೆ ಮುಚ್ಚಿಕೊಂಡಿತು. ಚೌಕದ ಬಾರ್‌ನಲ್ಲಿ ಕಾಫಿಗೆ ಸಕ್ಕರೆ ಕಲಕುತ್ತಿದ್ದ ತಾರ್ಚೀಸಿಯೊ ಸೋಪಿನ ತಲೆಯನ್ನು ಮೇಲಿಂದ ಕೆಳಗೆ ನೋಡಿದ.

"ನಾನೇ ಬೆಸಿಕ್. ನೋಡಿ, ಇದೀನಿ."

"ಇದೀಯ, ಸರಿ. ಆದ್ರೆ ಬಾರ್‌ನಲ್ಲಿದೀಯ. ನಿನ್ನ ಇಲ್ಲಿ ನೋಡಿ ಸಹಿ ಹಾಕಿದ್ರೆ ನೀನು ಬಾರ್‌ನಲ್ಲಿ ವಾಸ ಮಾಡ್ತೀಯ ಅಂತಾಗುತ್ತೆ."

"ಹಾಗಾದ್ರೆ ಮನೇಗೆ ಬನ್ನಿ."

"ಕಾಫಿ ಮುಗೀಲಿ."

ಆ ಪುಟ್ಟ ಬಟ್ಟಲಿನ ಕಾಫಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಅಂತೂ ನಾಲ್ಕು ಮಹಡಿ ಹತ್ತಿ ಬಾಗಿಲ ಮುಂದೆ ನಿಂತಾಗ ಬೆಸಿಕ್ ಜೇಬು ತಡಕಿದ. ಎಳೆದರೆ ತಾನೇ ಬೀಗ ಬೀಳುವ ಬಾಗಿಲು. ಕೀಲಿಕೈ ಒಳಗೆ.

"ಮನೆ ನಿಂದು ಅಂತೀಯ. ಕೀಲಿ ಇಲ್ಲ, ಹೆಸರಿನ ಫಲಕ ಇಲ್ಲ" ಎಂದು ತಾರ್ಚೀಸಿಯೊ ಪೆನ್ನು ತೆಗೆದ. "ಇಂಥವರನ್ನ ನಾವು ಬೇರೆ ಪುಸ್ತಕದಲ್ಲಿ ಬರ್ಕೋತೀವಿ."

ಬೆಸಿಕ್‌ಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂತು. ಅಷ್ಟರಲ್ಲಿ ಮೂರನೇ ಮಹಡಿಯಿಂದ ಎರ್ಸಿಲಿಯಾ ಏದುಸಿರು ಬಿಡುತ್ತ ಹತ್ತಿ ಬಂದಳು. ಏಪ್ರನ್ನಿನ ಜೇಬಿನಿಂದ ಕೀಲಿಕೈ ತೆಗೆದು ಬಾಗಿಲು ತೆರೆದಳು. ಆ ಕೀಲಿಯನ್ನು ಬೆಸಿಕ್ ಅವಳಿಗೆ ಕೊಟ್ಟಿರಲೇ ಇಲ್ಲ.

"ತಾರ್ಚೀಸಿಯೊ, ಬರ್ಕೋ" ಎಂದಳು ಆಕೆ. "ಏಳು ತಿಂಗಳಿಂದ ಇಲ್ಲೇ ಇದಾನೆ. ಭಾನುವಾರ ಅಮ್ಮನ ಜೊತೆ ಫೋನಲ್ಲಿ ಮಾತಾಡ್ತಾನೆ, ಇಟ್ಟ ಮೇಲೆ ಮೂಗೊರೆಸ್ಕೋತಾನೆ. ಬದನೆಕಾಯಿಗೆ ಅಕ್ರೋಟು ಅರೆದು ಹಾಕ್ತಾನೆ, ಪಾಪ, ಯಾರೂ ಕಲಿಸಿಲ್ಲ. ಎಡಗಾಲಿನ ಕಾಲುಚೀಲ ಮೂರಕ್ಕೂ ತೂತು. ಇನ್ನೇನು ಹೇಳ್ಲಿ?"

"ಸಾಕು" ಎಂದು ತಾರ್ಚೀಸಿಯೊ ಸಹಿ ಹಾಕಿ, ಮೊಹರು ಒತ್ತಿ, ಚೀಟಿ ಕೊಟ್ಟ. "ಇವತ್ತಿಂದ ನೀನು ಈ ಊರಿನವನು."

ಬೆಸಿಕ್‌ಗೆ ನಾಚಿಕೆಯಿಂದ ಕಿವಿ ಕೆಂಪಾಗಿತ್ತು. ಆದರೂ ಮುದುಕಿಯ ಎರಡೂ ಕೆನ್ನೆಗೆ ಮುತ್ತಿಟ್ಟು ಓಡಿದ. ಹನ್ನೆರಡು ಇಪ್ಪತ್ತಕ್ಕೆ ನಿಲಯದ ಕಛೇರಿಯ ಕಿಟಕಿಯಲ್ಲಿ ಕಾಗದಗಳ ಮೇಲೆ ಆ ಚೀಟಿಯನ್ನು ಹೆಮ್ಮೆಯಿಂದ ಇಟ್ಟ.

ಗುಮಾಸ್ತೆ ಕನ್ನಡಕ ಸರಿಮಾಡಿಕೊಂಡು ಓದಿದಳು. "ಇದನ್ನ ಯಾಕೆ ತಂದೆ?"

"ನಾನು ಈ ಊರಿನ ನಿವಾಸಿ ಅನ್ನೋದಕ್ಕೆ."

"ಅದೇ ಕೇಳ್ತಿದೀನಿ. ನಿಲಯ ಇರೋದು ಊರಲ್ಲಿ ಮನೆ ಇಲ್ದೋರಿಗೆ. ನಿನಗೆ ಮನೆ ಇದೆ ಅಂತ ಪೊಲೀಸೇ ಬರೆದು ಕೊಟ್ಟಿದಾನೆ."

"ಮತ್ತೆ ಗುರುತಿಗೆ?"

"ಪಾಸ್‌ಪೋರ್ಟ್ ಸಾಕಿತ್ತು." ಅವಳು ಪಟ್ಟಿಯಲ್ಲಿ ಮೊದಲ ಹೆಸರಿಗೆ ಅಡ್ಡಗೆರೆ ಎಳೆದು ವಿಳಾಸದ ಮೇಲೆ ಬೆರಳಿಟ್ಟಳು. "ಅಯ್ಯೋ, ನಮ್ಮ ಎರ್ಸಿಲಿಯಾ ಇರೋ ಕಟ್ಟಡ ಅಲ್ವಾ? ಅವಳನ್ನ ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲ. ಮೂವತ್ತು ವರ್ಷ ಇದೇ ಕುರ್ಚೀಲಿ ಕೂತಿದ್ಲು. ಈ ನಿಯಮ ಟೈಪ್ ಮಾಡಿದ್ದೇ ಅವಳು."

ಬೆಸಿಕ್ ಹಲ್ಲು ಕಚ್ಚಿಕೊಂಡು ವಾಪಸ್ಸು ಬಂದ. ಕೂದಲಲ್ಲಿ ಸೋಪು ಒಣಗಿ ಗಟ್ಟಿಯಾಗಿತ್ತು. ಬಾಗಿಲಲ್ಲಿ ಒದ್ದೊ ಸ್ಕ್ರೂಡ್ರೈವರ್ ಒರೆಸುತ್ತಿದ್ದ. ಕರೆಗಂಟೆಯ ಪಕ್ಕದಲ್ಲಿ ಬೆಸಿಕ್‌ನ ಪೂರ್ತಿ ಹೆಸರು ಕೆತ್ತಿದ ಹಿತ್ತಾಳೆ ಫಲಕ ಹೊಳೆಯುತ್ತಿತ್ತು.

"ಕೆತ್ತೋಕೆ ಎಂಟು ದಿನ ತಗೊಂಡ್ರು" ಎಂದ ಒದ್ದೊ. "ಎರ್ಸಿಲಿಯಾ ಹೋದ ವಾರಾನೇ ಹೇಳಿಟ್ಟಿದ್ಲು. ಹಾಂ, ನಿವಾಸಿಗಳು ಸರದಿ ಮೇಲೆ ಮೆಟ್ಟಿಲು ತೊಳೀಬೇಕು. ಶನಿವಾರ ನಿಂದು."

ಬೆಸಿಕ್ ಬೀದಿಯ ಮಧ್ಯೆ ನಿಂತು ಕತ್ತೆತ್ತಿದ. ಮೂರನೇ ಮಹಡಿಯ ಕಿಟಕಿಯಲ್ಲಿ ಎರ್ಸಿಲಿಯಾ ಮೊಣಕೈ ಊರಿ ನಿಂತಿದ್ದಳು.

"ನಿಮಗೆ ಗೊತ್ತಿತ್ತು, ಸಿನ್ಯೋರಾ!"

"ಗೊತ್ತಿತ್ತು" ಎಂದಳು ಆಕೆ. "ನಿನಗಿಂತ ಮುಂಚೆ ಇದ್ದ ಹುಡುಗ ನಿಲಯಕ್ಕೆ ಹೋದ. ಅವನಿಗಿಂತ ಮುಂಚೆ ಇದ್ದವಳೂ ಹೋದ್ಲು. ಒಂದು ಕ್ರಿಸ್ಮಸ್‌ಗೂ ತಿರುಗಿ ನೋಡ್ಲಿಲ್ಲ. ಎಷ್ಟು ಜನರನ್ನ ಅಂತ ಹೊಸದಾಗಿ ಪಳಗಿಸ್ಲಿ, ನನಗೂ ವಯಸ್ಸಾಯ್ತು."

ಎದುರು ಮನೆಯ ಕಿಟಕಿಗಳೂ ಒಂದೊಂದಾಗಿ ತೆರೆದುಕೊಂಡವು. ಬೆಸಿಕ್‌ನ ಬಾಯಿಗೆ ಬಂದ ಬೈಗುಳವೆಲ್ಲ ಜಾರ್ಜಿಯಾದ ಭಾಷೆಯಲ್ಲೇ ಬಂತು, ಅದು ಯಾರಿಗೂ ತಿಳಿಯಲಿಲ್ಲ. ಅವನು ಫಲಕಕ್ಕೆ ಉಗುರು ಹಾಕಿ ಕೀಳಲು ನೋಡಿದ. ನಾಲ್ಕು ಮೂಲೆಗೂ ಸ್ಕ್ರೂ ಬಿಗಿದಿತ್ತು.

"ಉಗುರು ಮುರಿಯುತ್ತೆ, ಬಿಡು" ಎಂದು ಮೇಲಿನಿಂದ ಕೂಗು ಬಂತು. "ಒದ್ದೆ ತಲೇಲಿ ಬೇರೆ ಹೋಗಿದ್ದೆ. ಊಟ ತಣ್ಣಗಾಗ್ತಿದೆ, ಬಾ. ಬರ್ತಾ ಅಲ್ಲಿರೋ ನೀರು ತಗೊಂಡು ಬಾ."

ಮೆಟ್ಟಿಲ ಬುಡದಲ್ಲಿ ಈ ಸಲ ಎರಡು ಕಟ್ಟು ಇದ್ದವು.