ನಾನು ಕಟ್ಟಿದ ಸೇತುವೆ

ದಾವಣಗೆರೆಯಲ್ಲಿ ರಸ್ತೆ ದಾಟಬೇಕೆಂದರೆ ನಾನು ಯಾರಾದರೂ ವಯಸ್ಸಾದವರು ಬರುವವರೆಗೆ ಕಾಯುತ್ತೇನೆ. ನಾನು ಅವರನ್ನು ದಾಟಿಸುತ್ತಿದ್ದೇನೆಂದು ನೋಡಿದವರು ತಿಳಿಯುತ್ತಾರೆ. ನಿಜಕ್ಕೂ ದಾಟಿಸುತ್ತಿರುವವರು ಅವರು. ಇಂಥವಳಿಗೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಕೆಲಸ ಸಿಕ್ಕಿದ್ದು ಪುಣ್ಯ. ನಕ್ಷೆಯಲ್ಲಿ ಲಾರಿ ಹಾರ್ನ್ ಹೊಡೆಯುವುದಿಲ್ಲ, ನಾಯಿ ಅಟ್ಟಿಸಿಕೊಂಡು ಬರುವುದಿಲ್ಲ. ಹರಿಹರ ತಾಲ್ಲೂಕಿನ ಯಾವ ಊರಿಗೆ ಆಂಬುಲೆನ್ಸ್ ಎಷ್ಟು ನಿಮಿಷಕ್ಕೆ ತಲುಪುತ್ತದೆಂದು ಲೆಕ್ಕ ಹಾಕಿ, ಬೇಗ ತಲುಪಿದರೆ ಹಸಿರು, ತಡವಾದರೆ ಕೆಂಪು ಬಳಿಯುತ್ತಿದ್ದೆ. ಕೆಂಪು ಇದ್ದ ಕಡೆ ಹೊಸ ಆಂಬುಲೆನ್ಸ್ ನಿಲ್ಲಿಸುವುದೆಂದು ತೀರ್ಮಾನವಾಗಿತ್ತು.

ನಮ್ಮ ಕಚೇರಿ ಗುಡಿಸುವ ಗಂಗಮ್ಮ ಭಾನುವಳ್ಳಿಯ ಆಚೆಗಿನ ಒಂದು ಕ್ಯಾಂಪಿನವರು; ಕಾಲುವೆ ನೀರು ನಂಬಿ ಬಂದು ನೆಲೆಸಿದವರ ಪುಟ್ಟ ಊರನ್ನು ಇಲ್ಲಿ ಕ್ಯಾಂಪ್ ಎನ್ನುತ್ತಾರೆ. ನಕ್ಷೆ ಮುಗಿದು ನಮ್ಮ ಸಾಹೇಬರ ಮೇಜಿಗೆ ಹೋದ ಮರುದಿನ, ಪೊರಕೆ ಹಿಡಿದುಕೊಂಡೇ ನನ್ನ ಪರದೆಯತ್ತ ಬಗ್ಗಿದರು. "ನಮ್ ಕ್ಯಾಂಪ್ ಯಾವ್ದು ಮೇಡಂ?" ತೋರಿಸಿದೆ. ಎಂಟು ನಿಮಿಷ, ಹಚ್ಚ ಹಸಿರು.

"ಎಂಟು ನಿಮಿಷಾ? ಕಾಲುವೆ ಮ್ಯಾಲೆ ಸೇತುವೆ ಯಾವಾಗ ಆತು? ಬೆಳಿಗ್ಗೆ ನಾ ಬರೋವಾಗ ಇರ್ಲಿಲ್ಲಲ್ರೀ!"

ಮೂಲ ನಕ್ಷೆ ತೆರೆದು ನೋಡಿದೆ. ಕಾಲುವೆಯ ಈಚೆಗೊಂದು, ಆಚೆಗೊಂದು ರಸ್ತೆ ಕೊನೆಯಾಗುತ್ತಿದ್ದವು. ರಸ್ತೆ ತುಂಡಾದಲ್ಲೆಲ್ಲ ಕಂಪ್ಯೂಟರ್ ತಪ್ಪೆಂದು ಕೆಂಪು ಚುಕ್ಕೆ ಇಡುತ್ತದೆ. ಆ ಚುಕ್ಕೆಗೆ ಹೆದರಿ ಎರಡೂ ತುದಿಗಳನ್ನು ಒಂದು ಗೆರೆಯಿಂದ ಜೋಡಿಸಿಬಿಟ್ಟಿದ್ದೆ.

ಗಂಗಮ್ಮ ದನಿ ತಗ್ಗಿಸಿದರು. "ಮಗಳು ಹೆರಿಗೀಗೆ ಬಂದಾಳ, ಏಳು ತಿಂಗಳು ತುಂಬೈತೆ. ಆ ಗಾಡಿ ನಿಮ್ ಗೆರಿ ಮ್ಯಾಲೆ ಬರ್ತೈತೇನು?"

ಸಾಹೇಬರ ಬಾಗಿಲವರೆಗೆ ಎರಡು ಸಲ ಹೋಗಿ ವಾಪಸಾದೆ. ಮೂರನೆಯ ಸಲ ನನ್ನ ಹಿಂದೆಯೇ ಗಂಗಮ್ಮ ನೆಲ ಒರೆಸುತ್ತ ಬಂದರು. ಹಸಿ ನೆಲ ತುಳಿದು ಹಿಂದಿರುಗುವಷ್ಟು ಧೈರ್ಯ ನನಗೆಲ್ಲಿಯದು? ಒಳಗೆ ಹೋಗಿ ಒಂದೇ ಉಸಿರಿಗೆ ತಪ್ಪೊಪ್ಪಿಕೊಂಡೆ.

"ಕುಂತಲ್ಲೇ ಸೇತುವೆ ಕಟ್ಟೀರಲ್ರೀ!" ಎಂದರು ಸಾಹೇಬರು. "ಹೋಗಿ ಕಣ್ಣಾರೆ ನೋಡಿ ಬರ್ರಿ."

ಗಂಗಮ್ಮನ ಜೊತೆ ಹೋದಾಗ ಕಾಲುವೆ ತುಂಬಿ ಹರಿಯುತ್ತಿತ್ತು. ಅಡ್ಡಲಾಗಿ ಎರಡು ತೆಂಗಿನ ದಿಮ್ಮಿ. ಗಂಗಮ್ಮ ಚೀಲ ಹೊತ್ತು ಸರಸರ ದಾಟಿ, ಆಚೆ ದಡದಿಂದ ಕೂಗಿದರು: "ಬರ್ರಿ ಮೇಡಂ, ನಿಮ್ದೇ ಸೇತುವೆ!"

ಒಂದು ಕಾಲಿಟ್ಟೆ. ದಿಮ್ಮಿ ಮಿಸುಕಿತು. ಕಾಲು ತೆಗೆದೆ. ಸುತ್ತುದಾರಿಯಲ್ಲಿ ಆಟೊ ಹಿಡಿದು, ಗಡಿಯಾರವನ್ನೇ ನೋಡುತ್ತ ಕ್ಯಾಂಪು ಸೇರಿದಾಗ ಮೂವತ್ತೆಂಟು ನಿಮಿಷವಾಗಿತ್ತು. ಗಂಗಮ್ಮ ಆಗಲೇ ಚಹಾ ಕುಡಿದಾಗಿತ್ತು, ಮಗಳು ಲೋಟವನ್ನೂ ತೊಳೆದಿಟ್ಟಿದ್ದಳು.

ಕ್ಯಾಂಪಿಗೆ ಕೆಂಪು ಬಳಿದೆ. ಹೊಸ ಆಂಬುಲೆನ್ಸ್ ಈಗ ಕಾಲುವೆಯ ಆಚೆ ದಡದಲ್ಲೇ ನಿಲ್ಲುತ್ತದೆ. "ಸುತ್ತುದಾರಿ ಇಷ್ಟು ಕರಾರುವಾಕ್ಕಾಗಿ ಅಳೆಯೋ ಬುದ್ಧಿ ನಿಮಗೆ ಹೆಂಗೆ ಬಂತ್ರೀ?" ಎಂದು ಸಾಹೇಬರು ಎಲ್ಲರೆದುರು ಮೆಚ್ಚಿಕೊಂಡರು. ಹೆದರಿಕೆಯಿಂದ ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ.