ನಾಗೇಂದ್ರಪ್ಪನನ್ನು ಒಪ್ಪಿಸಿದ್ದು

ಚರಂಡಿ ಮರವನ್ನು ಸುತ್ತಿಕೊಂಡು ಹೋಗಲಿ ಎಂದಷ್ಟೇ ಹೇಳಿ ಜಂಬುನಾಥ ಮೇಷ್ಟ್ರು ಬಾಯಿ ಮುಚ್ಚಿಕೊಂಡಿದ್ದರೆ, ಆ ಗುರುವಾರವೂ ಹೊಸಪೇಟೆಯ ಮೇ ತಿಂಗಳ ಬೇರೆ ದಿನಗಳಂತೆ ಬೆವರಿನಲ್ಲಿ ಹುಟ್ಟಿ ಬೆವರಿನಲ್ಲೇ ಮುಗಿಯುತ್ತಿತ್ತು.

ಮೇಷ್ಟ್ರ ಮನೆಗೂ ಪಕ್ಕದ ನಾಗೇಂದ್ರಪ್ಪನ ಮನೆಗೂ ನಡುವೆ, ಬೀದಿಯ ಅಂಚಿನಲ್ಲಿ ಒಂದು ದೊಡ್ಡ ಬೇವಿನ ಮರ. ಬೀದಿಗೆ ಹೊಸ ಚರಂಡಿ ಬರುವುದಿತ್ತು. ಚರಂಡಿ ನೇರ ಬಂದರೆ ಮರ ಹೋಗಬೇಕು, ಮರ ಉಳಿಯಬೇಕೆಂದರೆ ಚರಂಡಿ ಸೊಟ್ಟಗಾಗಬೇಕು. ಅಳತೆಗೆ ಬಂದಿದ್ದ ಎಂಜಿನಿಯರ್ ತ್ರಿವೇಣಿ ಹಿಂದಿನ ದಿನ ಹೇಳಿ ಹೋಗಿದ್ದಳು: "ನನಗೆ ಎರಡೂ ಒಂದೇರಿ. ನಾಳೆ ಸಂಜೆ ಬರ್ತೀನಿ. ಬೀದಿಯವರೆಲ್ಲ ಸೇರಿ ಒಂದೇ ಮಾತು ಹೇಳ್ರಿ."

ಮೇಷ್ಟ್ರಿಗೆ ಎರಡೂ ಒಂದೇ ಆಗಿರಲಿಲ್ಲ. ಅವರ ಆರ್‌ಸಿಸಿ ಮನೆ ಬೆಳಿಗ್ಗೆ ಕಾಯಲು ಶುರುವಾದರೆ ಮಲಗುವ ಹೊತ್ತಿಗೂ ರೊಟ್ಟಿ ಹಂಚಿನಂತೆಯೇ ಇರುತ್ತಿತ್ತು. ಹೋದ ಬೇಸಿಗೆಯಲ್ಲಿ ತಾಯಿ ತಾಯಕ್ಕ ಅಡುಗೆಮನೆಯಲ್ಲೇ ಕಣ್ಣು ಕತ್ತಲೆ ಬಂದು ಬಿದ್ದಿದ್ದಳು. ಮಧ್ಯಾಹ್ನ ಆಕೆಯನ್ನು ಮನೆಯೊಳಗೆ ಇಡಬೇಡಿ ಎಂದು ಡಾಕ್ಟರು ಹೇಳಿದ್ದರು. ಕೂಲರಿನ ಗಾಳಿ ಆಕೆಯ ಮೊಣಕಾಲಿಗೆ ಆಗದು. ಹಾಗಾಗಿ ಬೇಸಿಗೆ ಪೂರ್ತಿ ಆಕೆಯ ಸಂಸಾರ ಮರದ ಕೆಳಗೆ. ಒಂದು ಪ್ಲಾಸ್ಟಿಕ್ ಕುರ್ಚಿ, ನೀರಿನ ತಂಬಿಗೆ, ಜೊತೆಗೆ ನಾಗೇಂದ್ರಪ್ಪನ ಹೆಂಡತಿ ದುರ್ಗಕ್ಕನೊಡನೆ ಚೌಕಾಬಾರದ ಆಟ.

ಬೆಳಿಗ್ಗೆ ಚಹಾ ಹಿಡಿದು ಬೀದಿಯವರು ಮರದ ಕೆಳಗೆ ಸೇರಿದರು. ಮಾತು ಎರಡು ಗುಟುಕು ಚಹಾದೊಳಗೆ ಮುಗಿದುಹೋಯಿತು.

"ಚರಂಡಿ ಸೊಟ್ಟ ಆದ್ರ ನೀರೇನು ಸಿಟ್ಟಿಗೇಳತೈತೇನು? ತಿರುಗಿಸಿದ್ರಾತು ಬಿಡ್ರಿ," ಎಂದವನು ಬೇರೆ ಯಾರೂ ಅಲ್ಲ, ನಾಗೇಂದ್ರಪ್ಪನೇ. ಸಂಡೂರಿನಿಂದ ಅದಿರು ಹೊರುವ ಎರಡು ಲಾರಿಗಳ ಮಾಲೀಕ, ದೊಡ್ಡ ಧ್ವನಿಯ ಮನುಷ್ಯ. ಅವನು ಹೂಂ ಎಂದರೆ ಬೀದಿಯೇ ಹೂಂ ಎಂದಂತೆ. ಎಲ್ಲರೂ ತಲೆಯಾಡಿಸಿದರು. ಮರ ಉಳಿಯಿತು.

ಆದರೆ ಜಂಬುನಾಥರು ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು. ಉತ್ತರ ಸರಿಯಿದ್ದರೂ ಹಂತಗಳನ್ನು ಬರೆಯದ ಹುಡುಗನಿಗೆ ಅಂಕ ಕತ್ತರಿಸುವ ಪೈಕಿ. ಬೀದಿ ಸರಿಯಾದ ನಿರ್ಧಾರವನ್ನು ಸರಿಯಾದ ಕಾರಣವಿಲ್ಲದೆ ತೆಗೆದುಕೊಂಡದ್ದು ಅವರಿಗೆ ಹಲ್ಲಿನ ಸಂದಿಯ ನಾರಿನಂತೆ ಕಾಡಿತು.

"ಒಂದು ಮಾತು ತಿಳ್ಕೋಬೇಕು," ಎಂದು ಲೋಟ ಕೆಳಗಿಟ್ಟರು. "ಇದು ಬರೀ ಒಂದು ಮರದ ಪ್ರಶ್ನೆ ಅಲ್ಲ. ಭೂಮಿ ಬಿಸಿ ಆಗ್ಲಿಕ್ಕತ್ತೈತಿ. ಕಲ್ಲಿದ್ದಲು, ಡೀಸೆಲ್ ಸುಟ್ಟ ಹೊಗೀನ ಅದಕ್ಕ ಕಾರಣ."

ಡೀಸೆಲ್ ಎಂಬ ಶಬ್ದ ಕೇಳಿದ್ದೇ ನಾಗೇಂದ್ರಪ್ಪ ಚಹಾ ಕುಡಿಯುವುದನ್ನು ನಿಲ್ಲಿಸಿದ. ಮೇಷ್ಟ್ರು ಹೇಳಿದ್ದು ಜಗತ್ತಿನ ವಿಷಯ, ಅವನಿಗೆ ಕೇಳಿಸಿದ್ದು ತನ್ನ ಎರಡು ಲಾರಿಗಳ ನಂಬರು.

"ಅಂದ್ರ ನಿಮ್ಮವ್ವಗ ಸೆಕಿ ಆಗಾಕ ನಾನು ಕಾರಣ ಅಂತೀರೇನು?"

"ನಿಮ್ಮ ಹೆಸ್ರು ಯಾರು ತೆಗೆದ್ರು? ನಾನು ವಿಜ್ಞಾನ ಹೇಳಿದೆ."

"ಎಲ್ಲಿ ವಿಜ್ಞಾನರೀ? ನಮ್ಮಪ್ಪನ ಕಾಲದಾಗೂ ಇಲ್ಲಿ ಕಾಗಿ ಬಾಯಿ ತಕ್ಕೊಂಡೇ ಕುಂದ್ರತಿತ್ತು. ಹೊಸಪ್ಯಾಟಿ ಯಾವತ್ತು ಊಟಿ ಆಗಿತ್ತು?"

ಜನ ನಕ್ಕರು. ಪಾಠದ ನಡುವೆ ತರಗತಿ ನಕ್ಕರೆ ಮೇಷ್ಟ್ರಿಗೆ ತಡೆಯಲಾಗದು. "ಒಂದು ದಿನದ ಬಿಸಿಲು ಬ್ಯಾರೆ, ಮೂವತ್ತು ವರ್ಷದ ಸರಾಸರಿ ಬ್ಯಾರೆ. ಇಡೀ ಭೂಮಿ ಸರಾಸರಿ ಒಂದು ಡಿಗ್ರಿಗಿಂತ ಜಾಸ್ತಿ ಏರೈತಿ," ಎಂದರು.

"ಒಂದು ಡಿಗ್ರಿಗೆ ಇಷ್ಟು ಗದ್ಲ? ನನಗ ಜ್ವರ ಬಂದ್ರ ಮೂರು ಏರತೈತಿ!"

"ಆವಾಗ ಸುಮ್ಮನಿರ್ತೀರೇನು? 'ಸತ್ನೆಪ್ಪೋ' ಅಂತ ಇಡೀ ಬೀದಿಗೆ ಕೇಳಂಗ ಒದರ್ತೀರಲ್ಲ!"

ಈಗ ಇನ್ನೂ ಜೋರಾಗಿ ನಕ್ಕರು. ನಾಗೇಂದ್ರಪ್ಪನ ಮುಖ ಅದಿರಿನ ಬಣ್ಣಕ್ಕೆ ತಿರುಗಿತು. ಮೇಷ್ಟ್ರು ಗೆದ್ದೆನೆಂದುಕೊಂಡರು. ತಾಯಕ್ಕ ಮಾತ್ರ ಮೆಲ್ಲಗೆ, "ಸಾಕು ಒಳಗ ಬಾರೋ," ಎಂದಳು. ಅದು ಯಾರಿಗೂ ಕೇಳಿಸಲಿಲ್ಲ.

ಮೊಬೈಲ್ ರಿಪೇರಿ ಅಂಗಡಿಯ ಯಲ್ಲೇಶ ಅಷ್ಟರಲ್ಲಿ ಒಂದು ವಿಡಿಯೊ ಹುಡುಕಿದ್ದ. ಟೈ ಕಟ್ಟಿಕೊಂಡ ಯಾರೋ ಒಬ್ಬ ಇದೆಲ್ಲ ಸುಳ್ಳೆಂದು ಮೇಜು ಕುಟ್ಟುತ್ತಿದ್ದ. ಮೇಷ್ಟ್ರು ತಮ್ಮ ಫೋನಿನಲ್ಲಿ ತಾಪಮಾನ ಏರಿದ್ದರ ಒಂದು ರೇಖಾನಕ್ಷೆ ತೆಗೆದರು. ಬಿಸಿಲಿಗೆ ಆ ಪರದೆಯ ಮೇಲೆ ಅವರವರ ಮುಖ ಬಿಟ್ಟರೆ ಬೇರೇನೂ ಕಾಣಲಿಲ್ಲ. ಟೈ ಕಟ್ಟಿದವನಿಗೆ ಧ್ವನಿಯಾದರೂ ಇತ್ತು.

"ಓದಿದೋರ ಜಗಳ ಸಾಕು, ಕಂಡೋರನ್ನ ಕೇಳೋಣು," ಎಂದು ಯಾರೋ ಹೇಳಿದರು. ದುರ್ಗಕ್ಕನ ಸೋದರಮಾವ ಗವಿಸಿದ್ದಪ್ಪ ಎಮ್ಮಿಗನೂರಿನಿಂದ ಬಂದಿದ್ದ. ಭತ್ತ ಬೆಳೆದು ತಲೆ ನೆರೆದ ಮನುಷ್ಯ. ಅವನನ್ನು ಕೈಹಿಡಿದು ತಂದು ನಡುವೆ ಕೂರಿಸಿದರು.

"ಹಿಂದಕ ಇಷ್ಟು ಬಿಸ್ಲು ಇತ್ತೇನಜ್ಜಾ?"

"ಇತ್ತಪ್ಪ. ಭಾಳ ಇತ್ತು."

"ಕೇಳಿದ್ರಾ!" ಎಂದಿತು ನಾಗೇಂದ್ರಪ್ಪನ ಕಡೆ.

"ಆದ್ರ ರಾತ್ರಿ ತಣ್ಣಗಾಗತಿತ್ತು."

"ಕೇಳಿದ್ರಾ!" ಎಂದರು ಮೇಷ್ಟ್ರು.

"ಯಾಕಂದ್ರ ಆವಾಗ ಹೊಲದಾಗ ಮಲಗತಿದ್ವಿ."

"ಕೇಳಿದ್ರಾ!"

"ಈಗ ಹೊಲದಾಗ ಮಲಗಿದ್ರೂ ಬೆವರು ಬರತೈತಿ."

"ಕೇಳಿದ್ರಾ!"

"ಅದು ನನಗ ಬಿ.ಪಿ. ಐತಿ ಅಂತಾನೂ ಇರಬೌದು," ಎಂದ ಅಜ್ಜ ಎರಡೂ ಕಡೆಯವರ ಮುಖ ನೋಡಿ, ಇನ್ನೊಂದು ಲೋಟ ಚಹಾ ಕೇಳಿದ.

ಬಿಸಿಲು ಏರಿತು. ಮರದ ನೆರಳು ಸರಿದಂತೆ ಸಭೆಯೂ ಸರಿಯಿತು. ಭೂಮಿ ಕಾದಿದೆ ಎನ್ನುವವರೂ ಇಲ್ಲವೆನ್ನುವವರೂ ಮಾತು ನಿಲ್ಲಿಸದೆ, ಕುಳಿತ ಕುರ್ಚಿಗಳನ್ನು ಹಿಂಬದಿಗೆ ಅಂಟಿಸಿಕೊಂಡೇ ಒಟ್ಟಿಗೆ ನೆರಳಿನೊಳಗೆ ಜರುಗಿದರು. ಆ ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ.

ಕೊನೆಗೆ ಮೇಷ್ಟ್ರು ಹೇಳಬಾರದ್ದನ್ನು ಹೇಳಿದರು: "ಲಾರಿ ಇಟ್ಕೊಂಡೋರು ಹೊಗಿ ಸುದ್ದಿ ಹೆಂಗ ಒಪ್ತಾರ ಬಿಡ್ರಿ! ಹೊಟ್ಟಿಪಾಡು."

ಚೌಕಾಬಾರದ ಕವಡೆಗಳನ್ನು ದುರ್ಗಕ್ಕ ಒಂದೊಂದೇ ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡಳು. "ನಮ್ಮ ಹೊಟ್ಟಿಪಾಡಿನ ಮಾತು ಬಂತಲ್ಲ, ಇನ್ನ ನಾನಿಲ್ಲಿ ಯಾಕ ಕುಂದರ್ಲಿ ತಾಯಕ್ಕಾ," ಎಂದು ಎದ್ದು ಹೋದಳು. ನಾಗೇಂದ್ರಪ್ಪ ಬಾಗಿಲಲ್ಲಿ ನಿಂತು ಘೋಷಿಸಿದ: "ಮರ ಉಳಿದ್ರ ಇವರ ಮಾತು ಖರೆ ಅಂತ ಆಗತೈತಿ. ಕಡೀರಿ ಅದನ್ನ! ಸಂಜಿಕ ನಾನು ಹೇಳತೀನಿ."

ಬೆಳಿಗ್ಗೆ ಬರೀ ಮರವಾಗಿದ್ದ ಮರಕ್ಕೆ ಈಗ ಒಂದು ಪಕ್ಷ ಬಂದಿತ್ತು. ಅರ್ಧ ಬೀದಿ ನಾಗೇಂದ್ರಪ್ಪನ ಹಿಂದೆ, ಅರ್ಧ ಮೇಷ್ಟ್ರ ಹಿಂದೆ.

ತಾಯಕ್ಕ ಎದುರಿನ ಖಾಲಿ ಕುರ್ಚಿ ನೋಡುತ್ತಾ ಕುಳಿತಿದ್ದಳು. "ಹೋಗಿ ತಪ್ಪಾತು ಅಂತ ಅನ್ನು. ನಿನ್ನ ನಾಲಿಗಿ ಏನು ಸವೆಯಂಗಿಲ್ಲ," ಎಂದಳು.

ಊಟದ ಹೊತ್ತಿಗೆ ಮೇಷ್ಟ್ರು ಹೋದರು. ತಪ್ಪಾಯಿತೆಂದರು. ಮನಸ್ಸಿನಿಂದಲೇ ಅಂದರು. ನಾಗೇಂದ್ರಪ್ಪ ಒರಟನಾದರೂ ಮನೆಗೆ ಬಂದವರನ್ನು ನಿಲ್ಲಿಸಿ ಮಾತಾಡಿಸುವವನಲ್ಲ. "ಕುಂದ್ರಿ" ಎಂದು ಮಜ್ಜಿಗೆ ತರಿಸಿದ. ಮೇಷ್ಟ್ರು ತಮ್ಮ ಲೋಟ ಖಾಲಿ ಮಾಡಿದರು. ಎದ್ದು ಬರುವುದಕ್ಕೆ ಅದೇ ಸರಿಯಾದ ಗಳಿಗೆಯಾಗಿತ್ತು.

ನಾಗೇಂದ್ರಪ್ಪನೇ ಕೇಳಿದ: "ಅಲ್ರೀ, ಹೊಗಿ ಮ್ಯಾಲ ಹೋದ್ರ ಕೆಳಗ ಹೆಂಗ ಸೆಕಿ ಆಗತೈತಿ? ಖರೇನ ತಿಳೀವಲ್ದು."

"ಲಾರಿ ಗ್ಲಾಸು ಏರಿಸಿ ಬಿಸ್ಲಾಗ ನಿಲ್ಲಿಸಿದ್ರ ಕ್ಯಾಬಿನ್ ಹೆಂಗಿರತೈತಿ?"

"ಒಲಿ! ಸ್ಟೇರಿಂಗ್ ಮುಟ್ಟಾಕ ಆಗಂಗಿಲ್ಲ."

"ಗ್ಲಾಸು ಬಿಸ್ಲನ್ನ ಒಳಗ ಬಿಡತೈತಿ, ಕಾವನ್ನ ಹೊರಗ ಬಿಡಂಗಿಲ್ಲ. ಆ ಹೊಗ್ಯಾಗಿನ ಕಾರ್ಬನ್ ಡೈಆಕ್ಸೈಡ್ ಭೂಮಿಗೆ ಹಾಕಿದ ಗ್ಲಾಸು ಇದ್ದಂಗ. ಪೂರ್ತಿ ಹಂಗಲ್ಲ ಮತ್ತ, ಹೆಚ್ಚುಕಮ್ಮಿ."

ನಾಗೇಂದ್ರಪ್ಪ ಮಜ್ಜಿಗೆಯ ಲೋಟ ಕೆಳಗಿಟ್ಟ. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಮೇಷ್ಟ್ರು ಅಂಥ ಮುಖ ಕಂಡಿರಲಿಲ್ಲ. ಒಬ್ಬ ಮನುಷ್ಯನೊಳಗೆ ಒಂದು ವಿಷಯ ಇಳಿಯುವುದು ಕಣ್ಣಿಗೆ ಕಾಣುತ್ತಿತ್ತು.

"ಮತ್ತ ಏನ್ ಮಾಡಬೇಕ್ರಿ ಇದಕ್ಕ?"

"ಕಲ್ಲಿದ್ದಲು ಸುಟ್ಟು ಕರೆಂಟು ಮಾಡೋದು ಕಡಿಮಿ ಆಗಬೇಕು. ನಮ್ಮ ಬಿಸ್ಲು ಐತಲ್ಲ, ಅದರಿಂದ್ಲೇ ಮಾಡಬೌದು."

ಮರದ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಇಡೀ ಭೂಮಿಯ ಪಾಠ ಮುಗಿಸಿ, ಕೊನೆಗೆ ತನ್ನ ಮನೆ ಮುಂದಿನ ಒಂದು ಮರ ಕೇಳುವುದು ಸಣ್ಣತನವೆನಿಸಿತು. ಇಷ್ಟು ತಿಳಿದವನಿಗೆ ಅಷ್ಟು ತಿಳಿಯದೇ? ಮೇಷ್ಟ್ರು ಮನೆಗೆ ಬಂದು ನೆಮ್ಮದಿಯಿಂದ ಮಲಗಿದರು. ನಾಲ್ಕರ ಸುಮಾರಿಗೆ ಪಕ್ಕದ ಮಾಳಿಗೆಯ ಮೇಲೆ ಯಾರೋ ಓಡಾಡಿದ ಸಪ್ಪಳ ಕೇಳಿಸಿತು. ಮಗ್ಗುಲು ಬದಲಿಸಿದರು.

ಸಂಜೆ ತ್ರಿವೇಣಿ ಬಂದಾಗ ಬೀದಿ ಎರಡು ಗುಂಪಾಗಿ ನಿಂತಿತ್ತು. ನಾಗೇಂದ್ರಪ್ಪ ಗಂಟಲು ಸರಿಮಾಡಿಕೊಂಡು ಮುಂದೆ ಬಂದ.

"ಮೇಡಂ, ಬೆಳಿಗ್ಗೆ ನಾನು ತಪ್ಪು ಮಾತಾಡಿದೆ. ಮೇಷ್ಟ್ರು ಹೇಳಿದ್ದು ಖರೆ. ಭೂಮಿ ಬಿಸಿ ಆಗೈತಿ, ನಾವ ಮಾಡೀವಿ."

ತಾಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೇಷ್ಟ್ರ ಎದೆ ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿತು.

"ತಿಳಿದ ಮ್ಯಾಲ ಸುಮ್ಮನ ಕುಂದ್ರೋ ಜಾತಿ ನಂದಲ್ಲ. ಆಗಲೇ ಸೋಲಾರ್‌ನೋರಿಗೆ ಫೋನ್ ಹಚ್ಚಿದೆ. ಬಂದು ಮಾಳಿಗಿ ನೋಡಿ ಹೋದ್ರು. ಎಲ್ಲಾ ಮಸ್ತ್ ಐತಂತ. ಒಂದೇ ತೊಂದ್ರಿ, ಮಧ್ಯಾಹ್ನ ಆದ ಮ್ಯಾಲ ಈ ಬೇವಿನ ಮರದ ನೆಳ್ಳು ಪೂರ್ತಿ ನಮ್ಮ ಮಾಳಿಗಿ ಮ್ಯಾಲ ಬೀಳತೈತಿ. ಅದಕ್ಕ ಮೇಡಂ, ಭೂಮಿ ಸಲುವಾಗಿ ಮರ ತಗೀರಿ!"

ಮೊದಲು ಚಪ್ಪಾಳೆ ತಟ್ಟಿದವರು ಮೇಷ್ಟ್ರ ಕಡೆಯವರೇ. ನಾಗೇಂದ್ರಪ್ಪನಂಥವನೇ ದಾರಿಗೆ ಬಂದನಲ್ಲ! ನಾಗೇಂದ್ರಪ್ಪನ ಕಡೆಯವರು ಹೇಗೂ ಜಗಳವಾದಾಗಿನಿಂದ ಕಡಿಯಿರೆಂದೇ ಕೂಗುತ್ತಿದ್ದರು. ಬೀದಿ ಕೊನೆಗೂ ಒಂದೇ ಮಾತು ಹೇಳಿತು.

"ಅಲ್ಲ, ಒಂದು ಸೋಲಾರ್‌ಗೆ ಒಂದು ಮರ ಅಂದ್ರ..." ಮೇಷ್ಟ್ರ ಧ್ವನಿ ಚಪ್ಪಾಳೆಯ ನಡುವೆ ತೊದಲಿತು. "ನಮ್ಮವ್ವ ಇಲ್ಲೇ ಕುಂದ್ರತಾಳ್ರಿ. ಒಳಗ ಕುಂತ್ರ ಆಕಿಗೆ ಆಗಂಗಿಲ್ಲ."

"ಏನ್ ಸಾರ್ ನೀವು!" ಯಲ್ಲೇಶ ನಿಜವಾಗಿ ನೊಂದುಕೊಂಡ. "ಬೆಳಿಗ್ಗಿಂದ ಇಡೀ ಭೂಮಿ ಲೆಕ್ಕ ಹೇಳಿ, ಈಗ ನಿಮ್ಮ ಮನೀದು ಹೇಳ್ತೀರಲ್ಲ?"

"ಸರ್, ಅನುಮತಿಗೆ ಅರಣ್ಯ ಇಲಾಖೆಗೆ ಬರೀತೀನಿ. ನಿಮ್ಮ ವಿರೋಧ ಏನೂ ಇಲ್ಲಲ್ಲ?" ಎಂದು ತ್ರಿವೇಣಿ ವಿನಯದಿಂದ ಕೇಳಿದಳು. ಎಲ್ಲರೂ ತಮ್ಮ ಗುರುಗಳತ್ತ ನೋಡಿದರು. ಮೇಷ್ಟ್ರ ತಲೆ ಅತ್ತಲೂ ಆಡಲಿಲ್ಲ, ಇತ್ತಲೂ ಆಡಲಿಲ್ಲ. ಆಕೆ ಅದನ್ನು ಒಪ್ಪಿಗೆ ಎಂದುಕೊಂಡು ಹೊರಟಳು.

ಜನ ಚದುರಿದ ಮೇಲೆ ಮೇಷ್ಟ್ರು ತಾಯಿಯ ಕುರ್ಚಿ ಎತ್ತಿಕೊಂಡು ಒಳಗೆ ಬಂದರು. ಗೋಡೆ ಇನ್ನೂ ಸುಡುತ್ತಿತ್ತು. ತಾಯಕ್ಕ ಹೊಸ್ತಿಲ ಬಳಿ ಕುಳಿತು ಒದ್ದೆ ಬಟ್ಟೆ ನೆತ್ತಿಗೆ ಹಾಕಿಕೊಂಡಳು.

"ನೀ ಹೇಳಿದ್ದೆಲ್ಲಾ ಖರೇನ ಏನೋ?"

"ಖರೆ ಅವ್ವಾ."

"ಅಂದ್ರ ಮುಂದ ಇನ್ನೂ ಸೆಕಿ ಆಗತೈತೇನು?"

"ಹೂಂ."

ಬೀಸಣಿಗೆ ಹುಡುಕಲು ಎದ್ದ ಮೇಷ್ಟ್ರಿಗೆ ಕಿಟಕಿಯಿಂದ ಬೇವಿನ ಮರ ಕಂಡಿತು. ಅದಕ್ಕೆ ಬೆನ್ನು ಒರಗಿಸಿಕೊಂಡು ನಾಗೇಂದ್ರಪ್ಪ ಯಲ್ಲೇಶನಿಗೆ ಪಾಠ ಮಾಡುತ್ತಿದ್ದ.

"ಲಾರಿ ಗ್ಲಾಸು ಇದ್ದಂಗಲೇ ಅದು. ಬಿಸ್ಲನ್ನ ಒಳಗ ಬಿಡತೈತಿ, ಕಾವನ್ನ ಹೊರಗ ಬಿಡಂಗಿಲ್ಲ. ಪೂರ್ತಿ ಹಂಗಲ್ಲ ಮತ್ತ, ಹೆಚ್ಚುಕಮ್ಮಿ."

ಮೇಷ್ಟ್ರು ಕಿವಿಗೊಟ್ಟು ಕೊನೆತನಕ ಕೇಳಿದರು. ಒಂದು ತಪ್ಪೂ ಇರಲಿಲ್ಲ.